ನನ್ನ ಇನ್ನೊಂದು ಫಂಡು

ಮುಪ್ಪಿಗೆಂದು ಗಂಟು ಕಟ್ಟಿಕೊಳ್ಳುವುದರಲ್ಲಿ ಗಂಡಸರದೇ ಒಂದು ರೀತಿ, ಹೆಂಗಸರದೇ ಒಂದು ರೀತಿ. ಗಂಡಸರು ಗಂಟು ಕಟ್ಟಿದರೆ ಅದು ಎಲ್ಲಿದೆಯೆಂದು ಅವರಿಗೆ ಗೊತ್ತಿರುತ್ತದೆ. ಬ್ಯಾಂಕಿನಲ್ಲಿರುತ್ತದೆ, ಕಂಪನಿಯಲ್ಲಿರುತ್ತದೆ, ಇಲ್ಲವೇ ಮಲಾಡಿನ ಆಚೆ ಹುಲ್ಲು ಬೆಳೆದ ಒಂದು ತುಂಡು ಜಾಗದಲ್ಲಿರುತ್ತದೆ. ರವಿವಾರ ಕೊಡೆ ಹಿಡಿದುಕೊಂಡು ಹೋಗಿ ಅದನ್ನು ನೋಡಿ ಬರುತ್ತಾರೆ. ಹೆಂಗಸರ ಗಂಟು ಹಾಗಲ್ಲ. ಅದಕ್ಕೆ ಕೈಕಾಲು ಇರುತ್ತವೆ. ಅದು ಉಣ್ಣುತ್ತದೆ, ಉಡುತ್ತದೆ, ಪರೀಕ್ಷೆಗೆ ಕೂಡುತ್ತದೆ, ಮದುವೆಯಾಗುತ್ತದೆ, ಕೆಮ್ಮು ಬಂದರೆ ಔಷಧ ಕೇಳುತ್ತದೆ. ನಮಗೆ ಕೂದಲು ಹಣ್ಣಾದ ಮೇಲೆ ಬಿಚ್ಚಿ ನೋಡೋಣವೆಂದು ಹೋದರೆ ಅದು ಕನ್ನಡಕ ಸರಿಮಾಡಿಕೊಂಡು ನಮ್ಮನ್ನೇ ನೋಡಿ, "ಆರಾಮ ಇದ್ದೀಯೇನ ಅಕ್ಕಾ?" ಎಂದು ಕೇಳುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನನ್ನ ಗಂಟು ಧಾರವಾಡದಲ್ಲಿ ವಕೀಲಿ ಮಾಡುತ್ತದೆ.

ಮುಂಬೈಯ ಫೋರ್ಟಿನಲ್ಲಿ ಒಂದು ಕಂಪನಿಯ ಕಚೇರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಹುಡುಗಿಯಾಗಿ ಒಳಗೆ ಹೋದವಳು ಕನ್ನಡಕದವಳಾಗಿ ಹೊರಗೆ ಬಂದೆ. ನನಗೊಂದು ಹೆಸರಿದೆ, ಆದರೆ ಕಚೇರಿಯಲ್ಲಿ ಎಲ್ಲರೂ ನನ್ನನ್ನು 'ಬಾಯಿ' ಎಂದೇ ಕರೆಯುತ್ತಿದ್ದರು. ಇನ್ನೊಬ್ಬ ಹೆಂಗಸು ಇರಲಿಲ್ಲವಾದ್ದರಿಂದ ಯಾವ ಬಾಯಿ ಎಂದು ಯಾರಿಗೂ ಸಂಶಯ ಬರುತ್ತಿರಲಿಲ್ಲ. ನಾನು ಸೇರಿದ ವಾರವೇ ಬೆಳಗಾವಿಯ ಪಾಟೀಲರೂ ಗುಮಾಸ್ತರಾಗಿ ಸೇರಿದರು. ಇಬ್ಬರ ಸಂಬಳವೂ ಒಂದೇ ಇತ್ತು. ಪ್ರತಿ ತಿಂಗಳು ಸಂಬಳದಲ್ಲಿ ಒಂದು ಪಾಲನ್ನು ಕಂಪನಿ ಹಿಡಿದುಕೊಂಡು, ಅಷ್ಟೇ ತನ್ನದನ್ನೂ ಸೇರಿಸಿ ಪ್ರಾವಿಡೆಂಟ್ ಫಂಡಿಗೆ ಹಾಕುತ್ತಿತ್ತು. ನೌಕರಿ ಮುಗಿದ ದಿನ ಆ ಗಂಟು ನಮ್ಮ ಕೈಗೆ ಬರಬೇಕು. ಗಂಡು ಹೆಣ್ಣು ಎಂಬ ಭೇದವಿಲ್ಲದ ನಿಯಮವೆಂದರೆ ಇದೇ ಎಂದು ಆಗ ನನಗೆ ಬಹಳ ಸಂತೋಷವಾಗಿತ್ತು.

ಆಮೇಲೆ ಪಾಟೀಲರ ಮದುವೆಯಾಯಿತು. "ಪಾಪ, ಸಂಸಾರ ಬಂತು" ಎಂದು ಮ್ಯಾನೇಜರು ಅವರ ಸಂಬಳ ಹೆಚ್ಚಿಸಿದರು. ಮಗು ಹುಟ್ಟಿತು, ಇನ್ನಷ್ಟು ಹೆಚ್ಚಿಸಿದರು. ಪಾಟೀಲರ ಮನೆಯಲ್ಲಿ ತೊಟ್ಟಿಲು ಕಟ್ಟಿದಾಗಲೆಲ್ಲ ಕಚೇರಿಯಲ್ಲಿ ಅವರ ಫಂಡಿಗೂ ಮೈತುಂಬುತ್ತಿತ್ತು. ನಾನು ಒಮ್ಮೆ ಧೈರ್ಯ ಮಾಡಿ ನನ್ನ ಸಂಬಳದ ಮಾತೆತ್ತಿದಾಗ ಮ್ಯಾನೇಜರು ಕರುಣೆಯಿಂದ ನಕ್ಕು, "ನಿಮಗೇನು ಬಾಯಿ, ಒಬ್ಬರೇ ಇದ್ದೀರಿ" ಎಂದರು. ಒಬ್ಬಳೇ ಇರುವುದು ಬಹಳ ಸೋವಿಯ ಕೆಲಸವೆಂದು ಜನ ತಿಳಿದಿದ್ದಾರೆ. ಒಂದು ಖೋಲಿಗೆ ಬಾಡಿಗೆ ಕೊಡುವಾಗ ಒಳಗೆ ಎಷ್ಟು ಜನ ಎಂದು ಮಾಲೀಕ ಎಣಿಸಿ ಕಡಿಮೆ ಮಾಡುವುದಿಲ್ಲ. ದೀಪ ಒಬ್ಬಳಿಗೆಂದು ಅರ್ಧ ಉರಿಯುವುದಿಲ್ಲ. ಅಲ್ಲದೆ ನಾನು ಒಬ್ಬಳೇ ಇದ್ದದ್ದು ಮುಲುಂಡದ ಚಾಳಿನಲ್ಲಿ ಮಾತ್ರ. ಧಾರವಾಡದಲ್ಲಿ ನಾನು ನಾಲ್ಕು ಜನವಾಗಿದ್ದೆ: ಅಪ್ಪ ತೀರಿಕೊಂಡ ಮೇಲೆ ಉಳಿದ ಅವ್ವ, ತಂಗಿ, ತಮ್ಮ ವಾಸು, ಮತ್ತು ಅಪ್ಪ ಬಿಟ್ಟುಹೋದ ಸಾಲ. ಇವರೆಲ್ಲರಿಗೂ ತಿಂಗಳು ತಿಂಗಳು ಮನಿಯಾರ್ಡರು ಹೋಗುತ್ತಿತ್ತು. ನನ್ನ ಮದುವೆಯ ಮಾತು ಮೊದಮೊದಲು ಬರುತ್ತಿತ್ತು. ಈ ವರ್ಷ ಬೇಡ, ತಂಗಿಯದು ಮುಗಿಯಲಿ, ವಾಸೂನ ಓದು ಮುಗಿಯಲಿ ಎಂದು ಮುಂದಕ್ಕೆ ಹಾಕುತ್ತ ಹಾಕುತ್ತ ಒಂದು ದಿನ ಎಲ್ಲರೂ ಅದನ್ನು ಮರೆತರು. ನಾನು ಸ್ವಲ್ಪ ತಡವಾಗಿ ಮರೆತೆ.

ತಂಗಿಯ ಮದುವೆಗೆ ಒಮ್ಮೆ ಫಂಡಿನಿಂದ ಹಣ ತೆಗೆದೆ. ವಾಸೂನನ್ನು ಲಾ ಕಾಲೇಜಿಗೆ ಕಳಿಸಲು ಇನ್ನೊಮ್ಮೆ ತೆಗೆದೆ. ಪಾಟೀಲರು ಆಗ ಕಳಕಳಿಯಿಂದ, "ಬಾಯಿ, ಫಂಡಿಗೆ ಕೈ ಹಚ್ಚಬ್ಯಾಡ್ರಿ. ಅದು ನಮ್ಮ ಮುದಿತನದ ಕೋಲು ಐತಿ" ಎಂದರು. ಪಾಟೀಲರಿಗೂ ತಂಗಿಯರಿದ್ದರು, ಆದರೆ ಅವರ ಮದುವೆಗೆ ಪಾಟೀಲರ ಮದುವೆಯಲ್ಲಿ ಬಂದ ವರದಕ್ಷಿಣೆ ಸಾಕಾಯಿತು. ಮದುವೆ ಎಂಬ ಒಂದೇ ಬಾಗಿಲಿನಿಂದ ಗಂಡಸರ ಮನೆಗೆ ಹಣ ಒಳಗೆ ಬರುತ್ತದೆ, ಹೆಂಗಸರ ಮನೆಯಿಂದ ಹೊರಗೆ ಹೋಗುತ್ತದೆ. ನನಗೆ ಮಾತ್ರ ದುಃಖವೇನೂ ಆಗಿರಲಿಲ್ಲ. ಹಣ ಹೋಯಿತೆಂದು ನಾನು ತಿಳಿದೇ ಇರಲಿಲ್ಲ. ಕಂಪನಿಯಲ್ಲಿದ್ದದ್ದು ನನ್ನ ಸಣ್ಣ ಫಂಡು, ದೊಡ್ಡದು ಧಾರವಾಡದಲ್ಲಿ ಬೆಳೆಯುತ್ತಿದೆ ಎಂದು ನನ್ನ ಲೆಕ್ಕ. ವಾಸು ಸನ್ನದು ಪಡೆದ, ಮದುವೆಯಾದ, ಅವ್ವ ತೀರಿಕೊಂಡ ಮೇಲೆ ಮನೆ ಕಟ್ಟಿಸಿದ. ಮನೆಯ ಸುದ್ದಿ ಬಂದ ದಿನ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ, ನನ್ನ ಹಾಸಿಗೆ ಯಾವ ಗೋಡೆಯ ಕಡೆಗೆ ಹಾಕಿಸಬೇಕೆಂದು ವಿಚಾರ ಮಾಡಿದ್ದೆ. ಕಿಟಕಿ ಪೂರ್ವಕ್ಕಿದ್ದರೆ ಒಳ್ಳೆಯದು ಎನಿಸಿತ್ತು. ಆ ವಿಚಾರದಲ್ಲಿ ಮುಲುಂಡ ದಾಟಿ ಠಾಣೆಗೆ ಹೋಗಿಬಿಟ್ಟಿದ್ದೆ.

ನಮ್ಮ ಕಂಪನಿಯಲ್ಲಿ ಗಂಡಸರು ಐವತ್ತೈದಕ್ಕೆ ಮುದುಕರಾಗುತ್ತಿದ್ದರು, ಹೆಂಗಸರು ಐವತ್ತಕ್ಕೇ. ಹೀಗೇಕೆಂದು ಕೇಳಿದೆ. ಹೆಂಗಸರಿಗೆ ಬೇಗ ವಿಶ್ರಾಂತಿ ಸಿಗಲಿ ಎಂದು ಆಡಳಿತದವರು ಕಾಳಜಿಯಿಂದ ಮಾಡಿದ ನಿಯಮವೆಂದು ಮ್ಯಾನೇಜರು ಹೇಳಿದರು. ಅಂದರೆ ಪಾಟೀಲರ ಫಂಡು ಇನ್ನೂ ಐದು ವರ್ಷ ಕೂತು ಉಣ್ಣಬೇಕು, ನನ್ನದು ಈಗಲೇ ಕೈ ತೊಳೆಯಬೇಕು. ಇರಲಿ. ಬೀಳ್ಕೊಡುಗೆಯ ಕತೆ ಕೇಳಿ. ನಿವೃತ್ತರಾದ ಗಂಡಸರಿಗೆ ಕಚೇರಿಯವರು ಗೋಡೆಯ ಗಡಿಯಾರ ಕೊಡುತ್ತಿದ್ದರು. ವೇಳೆ ನೋಡುವ ಅಗತ್ಯ ತೀರಿದವರಿಗೆ ಗಡಿಯಾರವೇಕೋ ನನಗೆ ತಿಳಿಯದು, ಆದರೆ ನನಗೂ ಒಂದು ಬೇಕಾಗಿತ್ತು. ಪಾಟೀಲರು ಮುಂದಾಳತ್ವ ವಹಿಸಿ, "ಬಾಯಿ ನಮ್ಮ ಹೆಣ್ಣುಮಗಳಿದ್ದಾಂಗ. ಗಡ್ಯಾಳ ಏನ್ ಕೊಡ್ತೀರಿ? ಉಡಿ ತುಂಬಿ ಕಳಸೂಣ" ಎಂದರು. ಎಲ್ಲರಿಗೂ ಕಣ್ಣಲ್ಲಿ ನೀರು ಬಂತು. ಮದುವೆಯಾಗದವಳಿಗೆ ಉಡಿ ತುಂಬಬಹುದೋ ಬಾರದೋ ಎಂದು ಸ್ವಲ್ಪ ಚರ್ಚೆಯಾಯಿತು. ಮನೆಮಗಳೆಂದ ಮೇಲೆ ನಡೆಯುತ್ತದೆ ಎಂದು ಪಾಟೀಲರ ಹೆಂಡತಿಯೇ ತೀರ್ಪು ಕೊಟ್ಟು, ಸ್ವತಃ ಬಂದು, ನನ್ನ ಟೈಪ್‌ರೈಟರಿನ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಅರಿಸಿನಕೊಂಬು, ಕುಪ್ಪಸದ ಕಣ ಹಾಕಿದರು. ಮ್ಯಾನೇಜರು ಚಪ್ಪಾಳೆ ತಟ್ಟಿದರು. ಉಡಿ ತುಂಬಿಸಿಕೊಂಡು ಹೊರಟ ಹುಡುಗಿಗೆ ಆ ತುದಿಯಲ್ಲಿ ಒಬ್ಬಳು ಅತ್ತೆಯಾದರೂ ಕಾದಿರುತ್ತಾಳೆ. ನಾನು ಐವತ್ತನೆಯ ವಯಸ್ಸಿನಲ್ಲಿ ತುಂಬಿದ ಉಡಿ ಹಿಡಿದುಕೊಂಡು ಮುಲುಂಡದ ಗಾಡಿ ಹತ್ತಿದೆ. ಹೆಂಗಸರ ಡಬ್ಬಿಯಲ್ಲಿ ಪಕ್ಕದವಳು ಜಾಗ ಬಿಡುತ್ತ, ತವರಿನಿಂದ ಬಂದಿರೇನು ಎಂದು ಮರಾಠಿಯಲ್ಲಿ ಕೇಳಿದಳು. ಹೌದೆಂದೆ. ಇನ್ನೇನು ಹೇಳಬೇಕು?

ಫಂಡು ಕೈಗೆ ಬಂತು. ನಾನು ಬಹಳ ದಿನ ಬದುಕದೆ ಹೋದರೆ ಅದು ಸಾಕಾಗುವಷ್ಟಿತ್ತು. ಜಿಪುಣತನದಿಂದ ಬದುಕಿದರೆ ಇನ್ನೂ ಕೆಲವು ದಿನ ಎಳೆಯಬಹುದು. ಆದರೆ ಹಣದ ಚಿಂತೆಗಿಂತ ನನಗೆ ಆ ದಿನಗಳಲ್ಲಿ ಕಾಡಿದ್ದು ಬೇರೆ. ಮುಂಜಾನೆ ನೀರು ಹಿಡಿದು, ಅನ್ನಕ್ಕಿಟ್ಟು, ತಲೆ ಬಾಚಿಕೊಂಡ ಮೇಲೆ ಚಾಳಿನ ಗಂಡಸರು ಹೆಂಗಸರು ಎಲ್ಲರೂ ಎಲ್ಲಿಗೋ ಹೋಗುತ್ತಿದ್ದರು. ಕಟ್ಟಡದಲ್ಲಿ ನಾನು, ಬೆಕ್ಕು, ಒಣಗಿಸಿದ ಬಟ್ಟೆ ಇಷ್ಟೇ ಉಳಿಯುತ್ತಿದ್ದೆವು. ಸಂಜೆಯವರೆಗೆ ಮಾತಾಡದೆ ಇದ್ದು ಒಮ್ಮೆಲೆ ಹಾಲಿನವನಿಗೆ ಉತ್ತರ ಕೊಡಲು ಹೋದರೆ ದನಿ ಕರಕರ ಎನ್ನುತ್ತಿತ್ತು. ಒಂಟಿಯಾಗಿದ್ದದ್ದು ಹೊಸದೇನಲ್ಲ, ಆದರೆ ಅಲ್ಲಿಯವರೆಗೆ ಒಂಟಿತನಕ್ಕೆ ನನ್ನ ವಿಳಾಸ ಸಿಕ್ಕಿರಲಿಲ್ಲ, ನಾನು ಹಗಲೆಲ್ಲ ಕಚೇರಿಯಲ್ಲಿರುತ್ತಿದ್ದೆ. ಪಕ್ಕದ ಖೋಲಿಯ ಕಮಲಕ್ಕ ಮಾತ್ರ ಮಧ್ಯಾಹ್ನ ಸ್ವಲ್ಪ ಹೊತ್ತು ಬಂದು ಕೂಡುತ್ತಿದ್ದಳು. ಉಡುಪಿ ಕಡೆಯವಳು, ಸ್ಟೇಶನ್ ಹತ್ತಿರ ಗಂಡನ ಹೋಟೆಲಿದೆ. ನನ್ನ ಫಂಡಿನ ಸುದ್ದಿ ಕೇಳಿ ಅವಳು, "ನಿಮಗೆ ಅಷ್ಟಾದರೂ ಉಂಟಲ್ಲ ಮಾರಾಯ್ರೆ. ಹೋಟೆಲಿನ ಹಿಟ್ಟೆಲ್ಲ ರುಬ್ಬಿದ್ದು ನಾನು. ನನಗೆಂತ ಫಂಡು? ರುಬ್ಬುವ ಕಲ್ಲು ಉಂಟು" ಎಂದು ನಕ್ಕಳು. ಇಬ್ಬರೂ ನಕ್ಕೆವು.

ಅಷ್ಟರಲ್ಲಿ ವಾಸು ಬಂದ. ನನ್ನ ನೌಕರಿ ಮುಗಿಯಿತೆಂದು ನನ್ನನ್ನು ನೋಡಿ ಹೋಗಲು ಕೋರ್ಟಿನ ಕೆಲಸ ಬಿಟ್ಟು ಬಂದಿದ್ದ. ಜೋಳದ ಹಿಟ್ಟು, ಚಟ್ನಿ ಹಿಂಡಿಯ ಡಬ್ಬಿ, ಸುಮತಿ ಎಂದರೆ ಅವನ ಹೆಂಡತಿ ಹೊಲಿದು ಕಳಿಸಿದ ಕೌದಿ, ಎಲ್ಲ ಇಳಿಸಿದ. ಕೌದಿ ನೋಡಿ ನನಗೆ ಬಹಳ ಸಮಾಧಾನವಾಯಿತು. ಮುಂಬೈಯ ಸೆಕೆಯಲ್ಲಿ ಕೌದಿ ಹೊದ್ದುಕೊಳ್ಳುವವರು ಯಾರು? ಇದು ಧಾರವಾಡದ ಚಳಿಗೇ ಸರಿ ಎಂದು ಮನಸ್ಸಿನಲ್ಲಿಯೇ ಅರ್ಥ ಮಾಡಿಕೊಂಡೆ. ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯುತ್ತ, "ಅಕ್ಕಾ, ನೌಕರಿ ಮುಗೀತಲ್ಲ ಇನ್ನ. ನಡಿ ಧಾರವಾಡಕ್ಕ. ನಮ್ಮ ಕೂಡನ ಇರು" ಎಂದ.

ಈ ಮಾತಿಗಾಗಿ ನಾನು ಎಷ್ಟು ಕಾಲ ಕಾದಿದ್ದೆನೆಂದು ಹೇಳಲಾರೆ. ಕೇಳಿದ ಕೂಡಲೇ ಎದೆ ತುಂಬಿ ಬಂತು. ಎದೆ ತುಂಬಿ ಬಂದಾಗ ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಏನು ಹೇಳಬೇಕೋ ಅದನ್ನೇ ಹೇಳಿದೆ. "ಏ, ಬ್ಯಾಡಪಾ. ನಿಮಗ್ಯಾಕ ತ್ರಾಸ? ನನಗ ಇಲ್ಲೇ ರೂಢಿ ಆಗೇದ."

ವಾಸು ತಲೆಯಾಡಿಸಿದ. "ಹಂಗಾರ ನಿನ್ನ ಮರ್ಜಿ" ಎಂದು ಇನ್ನೊಂದು ರೊಟ್ಟಿ ಕೇಳಿದ.

ನಮ್ಮ ಕಡೆಯ ಉಪಚಾರ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಪಂಕ್ತಿಯಲ್ಲಿ ಕೂತವಳಿಗೆ ಹೋಳಿಗೆ ಬಡಿಸಲು ಬಂದರೆ ಅವಳು ಎರಡೂ ಕೈ ಎಲೆಗೆ ಅಡ್ಡ ಹಿಡಿದು "ಬ್ಯಾಡ, ಬ್ಯಾಡ, ಸಾಕು" ಎನ್ನಬೇಕು. ಬಡಿಸುವವಳು ಆ ಮಾತು ಕಿವಿಗೆ ಹಾಕಿಕೊಳ್ಳದೆ, ಆಣೆ ಹಾಕಿ, ಬೈದು, ಕೈ ಸಂದಿಯಿಂದ ಹೋಳಿಗೆ ತೂರಿಸಬೇಕು. ಕರೆದ ಕೂಡಲೇ ಹೂಂ ಎನ್ನುವವಳು ಹಸಿದುಕೊಂಡು ಬಂದವಳು ಎಂದು ಅವ್ವ ಹೇಳಿಕೊಟ್ಟಿದ್ದಳು. ಬ್ಯಾಡ ಎಂಬುದು ನಮ್ಮಲ್ಲಿ ಉತ್ತರವಲ್ಲ, ಮಾತಿನ ಆರಂಭ. ನಾನು ಆರಂಭ ಮಾಡಿ ಕೂತೆ. ಮುಂದಿನ ಮಾತು ವಾಸೂನದು. ಅವನು ಗದರಿಸಬೇಕು, "ನಿನ್ನ ಕೇಳವರ್ಯಾರು, ಟ್ರಂಕ್ ಕಟ್ಟು" ಎನ್ನಬೇಕು, ನಾನು ಕಣ್ಣೊರೆಸಿಕೊಳ್ಳಬೇಕು. ಅವನು ರೊಟ್ಟಿ ತಿಂದು, ಕೈ ತೊಳೆದು, ಪೇಪರು ಓದಿದ. ತಪ್ಪು ಅವನದೂ ಅಲ್ಲ ಎನ್ನಿ. ಅವನು ವಕೀಲ. ಕೋರ್ಟಿನಲ್ಲಿ ಸಾಕ್ಷಿ ಒಮ್ಮೆ ಇಲ್ಲವೆಂದರೆ ಇಲ್ಲ, ಬರೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಅವನನ್ನು ವಕೀಲನನ್ನಾಗಿ ಮಾಡಿದ್ದು ನನ್ನ ಫಂಡೇ. ಮೇಲಾಗಿ ಅವನು ಉಪಚಾರ ಮಾಡಿಸಿಕೊಂಡು ಬೆಳೆದವನು, ಮಾಡಿ ಬೆಳೆದವನಲ್ಲ. ಅವನ ಎಲೆಗೆ ಹೋಳಿಗೆ ತೂರಿಸಿದವಳು ಅವ್ವ, ಆಮೇಲೆ ನಾನು, ಈಗ ಸುಮತಿ. ಎರಡನೆಯ ಸಲ ಹೇಗೆ ಕೇಳಬೇಕೆಂದು ಗಂಡುಹುಡುಗರಿಗೆ ಯಾರೂ ಕಲಿಸುವುದಿಲ್ಲ.

ಅವನು ಇದ್ದಷ್ಟು ದಿನವೂ ಆ ಎರಡನೆಯ ಸಲಕ್ಕಾಗಿ ನಾನು ದಾರಿ ಮಾಡಿಕೊಡುತ್ತ ಹೋದೆ. ಮೆಟ್ಟಿಲು ಹತ್ತಿದರೆ ಮೊಣಕಾಲು ನೋಯುತ್ತದೆ ಎಂದೆ. ಅವನು ಪೇಟೆಗೆ ಹೋಗಿ ಒಂದು ಬಾಟಲಿ ನೋವಿನೆಣ್ಣೆ ತಂದ. ನೀರಿನ ತಾಪತ್ರಯ ಹೇಳಿಕೊಂಡೆ. ದೊಡ್ಡದೊಂದು ಪೀಪಾಯಿ ತಂದು ಖೋಲಿಯ ಮೂಲೆಯಲ್ಲಿ ಇಟ್ಟ. ಖೋಲಿಯಲ್ಲಿ ನನಗೆ ಇದ್ದ ಜಾಗವೂ ಕಡಿಮೆಯಾಯಿತು. ಧಾರವಾಡದ ಹವೆ ಎಷ್ಟು ಒಳ್ಳೆಯದು ಎಂದು ನಿಟ್ಟುಸಿರು ಬಿಟ್ಟೆ. "ಮದಲಿನಂಗ ಉಳದಿಲ್ಲಕ್ಕ, ಈಗ ಅಲ್ಲೂ ಸೊಳ್ಳಿ ಭಾಳ" ಎಂದು ಸಮಾಧಾನ ಹೇಳಿದ. ಮುಂಬೈಯಲ್ಲಿ ನಾನು ಸತ್ತರೆ ಗೊತ್ತಾಗುವುದು ಹಾಲಿನವನಿಗೆ ಎಂದು ಕೊನೆಗೆ ಅಂದೇಬಿಟ್ಟೆ. ಅವನು ಗಾಬರಿಯಾಗಿ ಎದ್ದು ಹೋಗಿ ಹಾಲಿನವನಿಗೆ ತನ್ನ ವಿಳಾಸ ಕೊಟ್ಟು ಬಂದ. ಪ್ರೀತಿ ಇಲ್ಲವೆನ್ನಲು ಬರುವಂತಿರಲಿಲ್ಲ. ಅಷ್ಟು ಪ್ರೀತಿಯಿಂದ ಅವನು ನನ್ನನ್ನು ಮುಲುಂಡದಲ್ಲಿ ಗಟ್ಟಿಯಾಗಿ ನೆಡುತ್ತಿದ್ದ.

ನಾನು ಹೇಳಲಾರದ್ದನ್ನು ಕಮಲಕ್ಕ ಹೇಳಿದಳು. ಅವಳು ಬಾಗಿಲಲ್ಲಿ ನಿಂತು ನೇರವಾಗಿ, "ಅಲ್ಲ ಮಾರಾಯ್ರೆ, ಅಕ್ಕನನ್ನು ಕರ್ಕೊಂಡು ಹೋಗುದಿಲ್ವಾ? ಒಬ್ಬರೇ ಇಲ್ಲಿ ಎಂತ ಮಾಡುದು?" ಎಂದು ಕೇಳಿದಾಗ ನಾನು ಒಲೆಯ ಮುಂದೆ ಕಿವಿಗೊಟ್ಟು ಕೂತೆ.

"ಕರದೆನ್ರೀ. ಬಂದ ದಿನಾನ ಕರದೆ. ಅಕ್ಕನೇ ಒಲ್ಲೆ ಅಂದಳು. ಸ್ವತಂತ್ರ ಇದ್ದು ರೂಢಿ ಅದ ಅಕಿಗೆ. ಹೌದಲ್ಲಕ್ಕ?" ಎಂದ ವಾಸು. ಅವನ ದನಿಯಲ್ಲಿ ಹೆಮ್ಮೆಯಿತ್ತು. ನನ್ನ ಬಗ್ಗೆ ಯಾರಾದರೂ ಹೆಮ್ಮೆಪಟ್ಟು ಬಹಳ ದಿನವಾಗಿತ್ತು. ಹೌದು ಎಂದೆ. ಕಮಲಕ್ಕ ನನ್ನ ಮುಖ ನೋಡಿ ತನ್ನ ಖೋಲಿಗೆ ಹೋದಳು.

ಅವನನ್ನು ಕಳಿಸಲು ಬೋರಿಬಂದರ ಸ್ಟೇಶನ್ನಿಗೆ ಹೋದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬುತ್ತಿ ಕೊಟ್ಟೆ, ನೀರಿನ ಹೂಜಿ ಕೊಟ್ಟೆ, ಸುಮತಿಗೆ ಒಂದು ಸೀರೆ ಕೊಟ್ಟೆ. ಅವನು ಇಳಿದು ಬಂದು ಪ್ಲಾಟ್‌ಫಾರ್ಮಿನ ಜನರ ನಡುವೆಯೇ ನನ್ನ ಕಾಲಿಗೆ ನಮಸ್ಕಾರ ಮಾಡಿ ಮತ್ತೆ ಹತ್ತಿ ಕೂತ. ಗಾಡಿ ಬಿಡಲು ಇನ್ನೂ ಸ್ವಲ್ಪ ವೇಳೆಯಿತ್ತು. ಕಿಟಕಿಯ ಸರಳು ಹಿಡಿದು ನಿಂತ ನನ್ನನ್ನು ಅವನು ನೋಡಿದ. ಎರಡನೆಯ ಸಲ ಈಗ ಬಂತೆಂದು ನಾನು ಸರಳಿಗೆ ಇನ್ನಷ್ಟು ಹತ್ತಿರ ಸರಿದೆ.

"ಅಕ್ಕಾ, ಒಂದು ಮಾತು ಕೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ" ಎಂದ. "ಹೊರಗಿನ ಖೋಲಿ ನಿನಗಂತ ಸುಮತಿ ಸುಣ್ಣಾ ಹಚ್ಚಿಸಿ ಇಟ್ಟಾಳ. ಮಂಚಾನೂ ಹಾಕಿಸ್ಯಾಳ. ನೀ ಬರೂದಿಲ್ಲ ಅಂದಿ. ಸುಮ್ಮನ ಖಾಲಿ ಬೀಳತದ. ಬಾಡಿಗಿಗೆ ಕೊಡಲೇನು?"

ಖೋಲಿ ಇತ್ತು. ಮಂಚವೂ ಇತ್ತು. ನಾನು ಲೋಕಲ್ ಗಾಡಿಯಲ್ಲಿ ನಿಂತು ವಿಚಾರ ಮಾಡಿದ್ದೆಲ್ಲ ನಿಜವಾಗಿ, ಸುಣ್ಣ ಹಚ್ಚಿಸಿಕೊಂಡು ನನ್ನನ್ನು ಕಾಯುತ್ತಿತ್ತು. ಅವನು ಕಣ್ಣು ಕೆಳಗೆ ಮಾಡಿ ಕೂತಿದ್ದ. ಬ್ಯಾಡ ಎಂದು ನಾನು ಅಂದದ್ದು ಅವನಿಗೂ ನಟ್ಟಿತ್ತು ಎಂದು ಆಗ ತಿಳಿಯಿತು. "ಕೊಡಬ್ಯಾಡೋ, ಬರತೀನಿ" ಎಂದರೆ ಆಗುತ್ತಿತ್ತು. ಗಾಡಿ ಇನ್ನೂ ನಿಂತೇ ಇತ್ತು, ನಾಲಿಗೆಯೂ ನನ್ನದೇ. ಆದರೆ ಆಯುಷ್ಯವೆಲ್ಲ ಇನ್ನೊಬ್ಬರ ಕೆಲಸ ಸುಸೂತ್ರ ಮಾಡಿಕೊಟ್ಟು ರೂಢಿಯಾದ ನಾಲಿಗೆ ಅದು. ನನ್ನನ್ನು ಕೇಳದೆ ತಾನೇ ಹೊರಟಿತು.

"ಬ್ಯಾಸರ ಯಾಕೋ? ಕೊಡ್ರಿ. ಖಾಲಿ ಇಟ್ಟು ಏನ ಮಾಡ್ತೀರಿ? ಆದ್ರ ಸೋವಿಯಾಗಿ ಕೊಡಬ್ಯಾಡ. ಹೊರಗಿನ ಖೋಲಿ, ಬಾಗಲಾ ಬ್ಯಾರೆ ಅದ, ಛಲೋ ಬಾಡಿಗಿ ಬರತದ. ಮುಂಗಡ ಕೈಗೆ ಬಂದಮ್ಯಾಲೇ ಕೀಲಿ ಕೊಡು. ಮಂಚದ್ದು ಬ್ಯಾರೆ ಹಿಡಿ."

ಇಷ್ಟು ಹೇಳುವಷ್ಟರಲ್ಲಿ ಗಾಡಿ ಹೊರಟಿತು. ಬಾಡಿಗೆ ಎಷ್ಟು ಹೇಳಬೇಕೆಂಬುದನ್ನು ಪಕ್ಕದಲ್ಲಿ ನಡೆಯುತ್ತ ನಡೆಯುತ್ತ ಕೂಗಿ ಹೇಳಿದೆ. ಅವನು ಕೈ ಬೀಸುತ್ತ ಹೂಂ ಹೂಂ ಎಂದ. ಪ್ಲಾಟ್‌ಫಾರ್ಮ್ ಖಾಲಿಯಾದ ಮೇಲೆ ಒಂದು ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಮುಂಬೈಯಲ್ಲಿ ಅಳುವುದಕ್ಕೆ ಸ್ಟೇಶನ್ನಿಗಿಂತ ಒಳ್ಳೆಯ ಜಾಗವಿಲ್ಲ. ಯಾರನ್ನೋ ಕಳಿಸಲು ಬಂದವಳೆಂದು ಜನ ತಮ್ಮಷ್ಟಕ್ಕೆ ತಾವು ಹೋಗುತ್ತಾರೆ. ಆಮೇಲೆ ಮುಖ ತೊಳೆದುಕೊಂಡು ಮುಲುಂಡದ ಗಾಡಿ ಹಿಡಿದೆ.

ಮೊನ್ನೆ ವಾಸು ಹೈಕೋರ್ಟಿನ ಯಾವುದೋ ಕೆಲಸಕ್ಕೆ ಬಂದವನು ನನ್ನಲ್ಲಿಯೇ ಇಳಿದಿದ್ದ. ಖೋಲಿಗೆ ಬಹಳ ಒಳ್ಳೆಯ ಬಾಡಿಗೆದಾರರು ಸಿಕ್ಕಿದ್ದಾರಂತೆ. ಸರಕಾರಿ ನೌಕರಿಯಿಂದ ನಿವೃತ್ತರಾದ ಗೃಹಸ್ಥರು, ಹಿಂದೆ ಮುಂದೆ ಯಾರೂ ಇಲ್ಲ. ತಿಂಗಳು ತಿಂಗಳು ಪಿಂಚಣಿ ಬರುವುದರಿಂದ ಬಾಡಿಗೆ ಒಮ್ಮೆಯೂ ತಡವಾಗಿಲ್ಲ. ಮುಂಜಾನೆ ಪೂರ್ವದ ಕಿಟಕಿ ತೆರೆದು ಮಂಚದ ಮೇಲೆ ಕೂತು ಪೇಪರು ಓದುತ್ತಾರೆ. ಒಬ್ಬರೇ ಇದ್ದಾರಲ್ಲ ಎಂದು ಸುಮತಿ ಹಬ್ಬಕ್ಕೆ ಊಟಕ್ಕೆ ಕರೆದರೆ ಏನೂ ಅನ್ನದೆ ಬಂದು ಕೂತು ಹೊಟ್ಟೆ ತುಂಬ ಉಂಡು ಹೋಗುತ್ತಾರಂತೆ. ನಾನು ಹೇಳಿದ ಬಾಡಿಗೆಗೆ ಅವರು ಚೌಕಾಶಿಯನ್ನೂ ಮಾಡಲಿಲ್ಲವೆಂದು ಹೇಳಿ ವಾಸು ನನ್ನನ್ನು ಮನಸಾರೆ ಹೊಗಳಿದ. "ಅಕ್ಕಾ, ವ್ಯವಹಾರ ಅಂದ್ರ ನಿನ್ನ ಕಡೆ ಕಲೀಬೇಕು" ಎಂದ. ಏ, ಹಾಗೇನಿಲ್ಲ ಬಿಡು ಎಂದೆ. ಅವನು ಬಿಡಲಿಲ್ಲ, ಈ ಮಾತನ್ನು ಮಾತ್ರ ಒತ್ತಾಯ ಮಾಡಿ ಇನ್ನೊಂದು ಸಲ ಹೇಳಿದ.